ಸದ್ದು ಯಾವಾಗ, ಯಾವ ಕಡೆ?

ಉಡುಪಿ ಕಡೆಯಿಂದ ತೀರ್ಥಹಳ್ಳಿಗೆ ಹೋಗುವಾಗ ಸೋಮೇಶ್ವರ ದಾಟಿದ ಕೂಡಲೇ ಘಾಟಿ ಶುರುವಾಗುತ್ತದೆ. ಆಗುಂಬೆಯ ನೆತ್ತಿ ಮುಟ್ಟುವಷ್ಟರಲ್ಲಿ 14 ಹೇರ್‌ಪಿನ್ ತಿರುವುಗಳು. ಒಂದು ವರ್ಷ ಮಳೆಗಾಲ ಕಳೆದು ದಸರೆಯ ಹೊತ್ತಿಗೆ ಹಾಗೆ ಹತ್ತುತ್ತಿದ್ದೆವು. ಅರ್ಧ ದಾರಿಯ ಒಂದು ತಿರುವಿನಲ್ಲಿ ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮುಂಭಾಗದಿಂದ ‘ಟಕ್ ಟಕ್ ಟಕ್’ ಎಂದು ಸದ್ದು ಬಂತು. ರಸ್ತೆ ನೇರವಾಯಿತು, ಸದ್ದು ನಿಂತಿತು. ಮುಂದಿನ ಬಲ ತಿರುವಿನಲ್ಲಿ ಮತ್ತೆ ಅದೇ.

“ಏನ್ರೀ ಅದು?” ಎಂದಳು ಪಕ್ಕದಲ್ಲಿದ್ದ ಹೆಂಡತಿ.

“ಗೇರ್ ಬಾಕ್ಸ್ ಇರಬೇಕು” ಎಂದೆ. ಗ್ಯಾರೇಜಿನಲ್ಲೂ ಅದನ್ನೇ ಹೇಳಿದೆ. ಅವರು ಬಾಕ್ಸ್ ಇಳಿಸಿದರು, ಬೇರಿಂಗ್ ಬದಲಿಸಿದರು, ಎಣ್ಣೆ ಹೊಸದು ಹಾಕಿದರು. ಗಾಡಿ ಮೂರು ದಿನ ಅಲ್ಲೇ ಇತ್ತು, ಬಿಲ್ಲು ಐದಂಕಿ ಮುಟ್ಟಿತು. ಮನೆಯ ಗೇಟಿನೊಳಗೆ ಬಲಕ್ಕೆ ತಿರುಗಿಸಿದೆ ನೋಡಿ, ಟಕ್ ಟಕ್ ಟಕ್.

ಆಮೇಲೆ ತೀರ್ಥಹಳ್ಳಿಯ ಹಳೇ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. ಅವರು ಬಾನೆಟ್ಟಿನ ಕಡೆ ಕೈ ಚಾಚಲೇ ಇಲ್ಲ. “ಸದ್ದು ನೇರ ರಸ್ತೇಲಿ ಬರುತ್ತಾ ಸಾರ್?” ಇಲ್ಲ. “ತಿರುಗ್ಸಿದಾಗ ಮಾತ್ರನಾ?” ಹೌದು. “ಬಲಕ್ಕೋ ಎಡಕ್ಕೋ?” ಬಲಕ್ಕೆ ಜಾಸ್ತಿ. “ಆಕ್ಸಿಲರೇಟ್ರು ಬಿಟ್ರೆ?” ಕಡಿಮೆಯಾಗುತ್ತದೆ. ಎದುರಿನ ಬಯಲಿಗೆ ಗಾಡಿ ತರಲು ಹೇಳಿ, “ಫುಲ್ ಕಟ್ ಹೊಡೆದು ನಿಧಾನಕ್ಕೆ ಒಂದು ಸುತ್ತು ಬನ್ನಿ” ಎಂದರು. ನಾನು ಸುತ್ತುವಷ್ಟು ಹೊತ್ತೂ ಎಡಗಡೆಯ ಮುಂದಿನ ಚಕ್ರದ ಪಕ್ಕ ಕಿವಿಗೊಟ್ಟು ನಡೆದು ಬಂದರು. ನಿಲ್ಲಿಸಿದ ಮೇಲೆ ತಿರುಗಿದ ಚಕ್ರದ ಹಿಂದಕ್ಕೆ ಕೈ ಹಾಕಿ ಏನನ್ನೋ ಸವರಿ ಹೊರಗೆಳೆದರು. ಬೆರಳ ತುದಿಯಲ್ಲಿ ಕಪ್ಪು ಗ್ರೀಸ್. ಅದರಲ್ಲಿ ಕೆಮ್ಮಣ್ಣು ಕಲಸಿಕೊಂಡು ಕಾಫಿ ಗಸಿಯ ಬಣ್ಣಕ್ಕೆ ತಿರುಗಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನನ್ನ ಬೆರಳಿಗೂ ಸ್ವಲ್ಪ ಹಚ್ಚಿದರು. ರಾಗಿ ಹಿಟ್ಟಿನಲ್ಲಿ ಕಲ್ಲು ಸಿಕ್ಕಂತೆ ಕರಕರ ಎಂದಿತು.

“ಮರಳು ಸಾರ್. ಬೂಟ್ ಹರಿದು ಎಷ್ಟು ದಿನ ಆಯ್ತೋ.”

ಗೇರ್ ಬಾಕ್ಸಿಗೂ ಈ ಸದ್ದಿಗೂ ಸಂಬಂಧವೇ ಇರಲಿಲ್ಲ. ಮೊದಲ ಗ್ಯಾರೇಜಿನವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ನಾನು ಬಾಕ್ಸಿನ ಹೆಸರು ಹೇಳಿದೆ, ಅವರು ಬಾಕ್ಸನ್ನೇ ನೋಡಿದರು. ಹೊಟ್ಟೆನೋವಿನವನು ಡಾಕ್ಟರ ಹತ್ತಿರ ಹೋಗಿ “ನನಗೆ ಅಪೆಂಡಿಕ್ಸ್ ಆಗಿದೆ” ಎನ್ನುವುದಿಲ್ಲ. ನೋವು ಎಲ್ಲಿ, ಊಟಕ್ಕೆ ಮುಂಚೆಯೋ ಆಮೇಲೋ, ಚುಚ್ಚುತ್ತದೋ ಹಿಂಡುತ್ತದೋ ಎಂದು ಹೇಳುತ್ತಾನೆ. ಗಾಡಿಯ ವಿಷಯದಲ್ಲಿ ಮಾತ್ರ ನಾವು ಕಾಯಿಲೆಯ ಹೆಸರನ್ನೇ ಹಿಡಿದುಕೊಂಡು ಹೋಗುತ್ತೇವೆ. ಅಂದಿನಿಂದ ನಾನು ಭಾಗದ ಹೆಸರು ಹೇಳುವುದನ್ನು ಬಿಟ್ಟಿದ್ದೇನೆ. ಯಾವಾಗ, ಯಾವ ಕಡೆ, ಯಾವ ಗೇರು, ಎಷ್ಟು ವೇಗ, ಆಕ್ಸಿಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ, ಇಷ್ಟನ್ನು ಗಮನಿಸಿಕೊಂಡು ಹೋಗುತ್ತೇನೆ. ಇಂಜಿನ್ನಿನಿಂದ ಚಕ್ರದವರೆಗಿನ ಕೆಡುಕುಗಳಲ್ಲಿ ಬಹುಪಾಲು ಈ ಪ್ರಶ್ನೆಗಳಿಗೆ ತಾವೇ ಉತ್ತರ ಕೊಡುತ್ತವೆ.

ಸೈಕಲ್ ತುಳಿದವರಿಗೆ ಬಲ ಸಾಗುವ ಈ ದಾರಿ ಗೊತ್ತೇ ಇದೆ. ಪೆಡಲಿನ ಬಲ ಚೈನಿನ ಮೂಲಕ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಕಾರಿನಲ್ಲಿ ಇಂಜಿನ್, ಅದರ ಬೆನ್ನಿಗೆ ಕ್ಲಚ್, ಅದರ ಬೆನ್ನಿಗೆ ಗೇರ್ ಬಾಕ್ಸ್, ಆಮೇಲೆ ಬಲವನ್ನು ಎಡಬಲಕ್ಕೆ ಹಂಚುವ ಡಿಫರೆನ್ಷಿಯಲ್, ಅಲ್ಲಿಂದ ಎರಡು ಆಕ್ಸೆಲ್ ಶಾಫ್ಟ್, ಕೊನೆಗೆ ಚಕ್ರ. ದಾರಿಯುದ್ದಕ್ಕೂ ವೇಗ ಕಡಿಮೆಯಾಗಿ ತಿರುಚುವ ಬಲ ಹೆಚ್ಚುತ್ತಾ ಹೋಗುತ್ತದೆ. ಸಣ್ಣ ಪೆಟ್ರೋಲ್ ಕಾರಿನ ಇಂಜಿನ್ ಸುಮಾರು 90 ನ್ಯೂಟನ್ ಮೀಟರ್ ಬಲ ಕೊಡುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಗೇರು ಅದನ್ನು ಮೂರೂವರೆ ಪಟ್ಟು ಮಾಡುತ್ತದೆ, ಡಿಫರೆನ್ಷಿಯಲ್ ಇನ್ನೂ ನಾಲ್ಕು ಪಟ್ಟು. ಚಕ್ರ ಮುಟ್ಟುವಷ್ಟರಲ್ಲಿ ಸಾವಿರ ನ್ಯೂಟನ್ ಮೀಟರ್ ದಾಟಿರುತ್ತದೆ. ಏರಿನಲ್ಲಿ, ಮೊದಲ ಗೇರಿನಲ್ಲಿ, ಕ್ಲಚ್ಚನ್ನು ಧಡಕ್ಕನೆ ಬಿಟ್ಟಾಗ ಗಾಡಿಯ ಸಂದುಗಳ ಮೇಲೆ ಬೀಳುವ ಪೆಟ್ಟು ಎಂಥದ್ದು ಎಂಬುದಕ್ಕೆ ಈ ಲೆಕ್ಕ ಸಾಕು. ಸವೆದ ಭಾಗ ಮೊದಲು ಕೂಗುವುದೂ ಅಲ್ಲಿಯೇ.

ನನ್ನ ಗಾಡಿಯಲ್ಲಿ ಕೂಗಿದ್ದು ಆಕ್ಸೆಲ್ಲಿನ ಹೊರತುದಿಯ ಜಾಯಿಂಟ್. ಈ ಪುಟ್ಟ ಭಾಗದ ಬಗ್ಗೆ ನನಗೆ ಅಂದಿನಿಂದ ಒಂದು ಗೌರವವೇ ಬೆಳೆದಿದೆ. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಇದು ನಮ್ಮ ರಸ್ತೆಗಳಲ್ಲಿ ಅಪರೂಪವಾಗಿತ್ತು. ಅವುಗಳಲ್ಲಿ ಇಂಜಿನ್ ಮುಂದೆ, ಬಲ ಹೋಗುವುದು ಹಿಂದಿನ ಚಕ್ರಕ್ಕೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರಲ್ಲಿ ಇಂಜಿನ್ನೂ ಮುಂದೆ, ಎಳೆಯುವ ಚಕ್ರಗಳೂ ಮುಂದೆ. ಇವತ್ತು ನಮ್ಮ ಸಣ್ಣ ಕಾರುಗಳು ಹೆಚ್ಚುಕಡಿಮೆ ಎಲ್ಲವೂ ಹಾಗೆಯೇ. ಮುಂದಿನ ಚಕ್ರ ಎಳೆಯಲೂ ಬೇಕು, ತಿರುಗಲೂ ಬೇಕು, ಗುಂಡಿಗೆ ಬಿದ್ದಾಗ ಮೇಲೆ ಕೆಳಗೆ ಆಡಲೂ ಬೇಕು. ಅಂದರೆ ಅದಕ್ಕೆ ಬಲ ಕೊಡುವ ಶಾಫ್ಟು ನಮ್ಮ ಮಣಿಕಟ್ಟಿನಂತೆ ಬಾಗುತ್ತಲೇ ತಿರುಗುತ್ತಿರಬೇಕು.

ಲಾರಿಗಳ ಅಡಿಯಲ್ಲಿ ಕಾಣುವ ಸಾಮಾನ್ಯ ಕ್ರಾಸ್ ಜಾಯಿಂಟ್ ಈ ಕೆಲಸಕ್ಕೆ ಒಗ್ಗದು. ಅದನ್ನು ಬಾಗಿಸಿ ತಿರುಗಿಸಿದರೆ ಒಂದೊಂದು ಸುತ್ತಿಗೂ ಎರಡು ಸಲ ಆಚೆಯ ಶಾಫ್ಟು ವೇಗವಾಗಿ, ಎರಡು ಸಲ ನಿಧಾನವಾಗುತ್ತದೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಗಾಡಿ ಎಗರಿದಂತೆ ಆಗುತ್ತದೆ. ಇದಕ್ಕೆ ಪರಿಹಾರ ಕಂಡುಕೊಂಡವರಲ್ಲಿ ಫೋರ್ಡ್ ಕಂಪನಿಯ ಇಂಜಿನಿಯರ್ ಆಲ್ಫ್ರೆಡ್ ಝೆಪ್ಪಾ ಮುಖ್ಯರು. 1926ರಲ್ಲಿ ಅವರು ರೂಪಿಸಿದ ಜಾಯಿಂಟಿನಲ್ಲಿ ಆರು ಉಕ್ಕಿನ ಗುಂಡುಗಳು ಬಾಗಿದ ಕಾಲುವೆಗಳಲ್ಲಿ ಓಡಾಡುತ್ತವೆ. ಶಾಫ್ಟು ಎಷ್ಟೇ ಬಾಗಿದರೂ ಗುಂಡುಗಳು ಆ ಕೋನದ ಸರಿಯಾದ ಅರ್ಧಕ್ಕೆ ನಿಲ್ಲುತ್ತವೆ, ಹಾಗಾಗಿ ಎರಡೂ ಕಡೆಯ ವೇಗ ಒಂದೇ. 1959ರಲ್ಲಿ ಇಂಗ್ಲೆಂಡಿನಲ್ಲಿ ಅಲೆಕ್ ಇಸಿಗೊನಿಸ್ ಮಿನಿ ಕಾರನ್ನು ಕಟ್ಟಿದಾಗ ಇದೇ ಬಗೆಯ ಜಾಯಿಂಟನ್ನು ಬಳಸಿದರು. ಸಣ್ಣ ಕಾರೆಂದರೆ ಮುಂದಿನ ಚಕ್ರ ಎಳೆಯುವ ಕಾರು ಎಂಬ ಕಾಲ ಶುರುವಾದದ್ದು ಹಾಗೆ. ಬಲ್ಲ ಮೆಕ್ಯಾನಿಕ್ಕರು ಇದನ್ನು ಸಿವಿ ಜಾಯಿಂಟ್ ಎನ್ನುತ್ತಾರೆ, ಹೆಚ್ಚಿನವರಿಗೆ ಅದು ಬರೀ ‘ಆಕ್ಸೆಲ್’.

ಈ ಗುಂಡುಗಳ ಜೀವ ಇರುವುದು ಗ್ರೀಸಿನಲ್ಲಿ. ಗ್ರೀಸನ್ನು ಹಿಡಿದಿಡುವುದು ಅಕಾರ್ಡಿಯನ್ನಿನ ಹಾಗೆ ಮಡಿಕೆ ಮಡಿಕೆಯಾಗಿರುವ ಒಂದು ರಬ್ಬರ್ ಚೀಲ. ಅದೇ ಬೂಟ್. ಗಾಡಿ ಓಡುವಷ್ಟು ಹೊತ್ತೂ ಅದು ಮಡಚಿ ಬಿಚ್ಚಿ ಮಾಡುತ್ತಿರುತ್ತದೆ. ವರ್ಷಗಳು ಕಳೆದ ಮೇಲೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಕೆಲವೊಮ್ಮೆ ತೋಟದ ದಾರಿಯ ಒಂದು ಕೋಲು ಚುಚ್ಚಿದರೂ ಸಾಕು. ತಿರುಗುವ ಶಾಫ್ಟು ಗ್ರೀಸನ್ನು ಹೊರಕ್ಕೆ ಎರಚುತ್ತದೆ, ರಸ್ತೆಯ ನೀರು ಮಣ್ಣು ಒಳಕ್ಕೆ ಹೋಗುತ್ತವೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಮುತ್ತ ಓಡಾಡುವ ಗಾಡಿಗೆ ಒಂದೇ ಮಳೆಗಾಲದಲ್ಲಿ ಏನಾಗಬಹುದೆಂದು ಹೇಳಬೇಕಿಲ್ಲ. ಗುಂಡು ಓಡಾಡುವ ಕಾಲುವೆಯಲ್ಲಿ ಹಳ್ಳ ಬೀಳುತ್ತದೆ. ಚಕ್ರ ಪೂರ್ತಿ ತಿರುಗಿ ಭಾರ ಬಿದ್ದಾಗ ಗುಂಡು ಆ ಹಳ್ಳಕ್ಕೆ ಬಿದ್ದು ಏಳುತ್ತದೆ. ಟಕ್. ಮುಂದಿನ ಗುಂಡು. ಟಕ್.

ಬೂಟ್ ಹರಿದದ್ದನ್ನು ಸದ್ದು ಬರುವ ಮೊದಲೇ ಕಂಡರೆ ಗ್ರೀಸ್ ತುಂಬಿ ಬೂಟ್ ಮಾತ್ರ ಬದಲಿಸಿದರೆ ಸಾಕು, ನೂರರ ಲೆಕ್ಕದಲ್ಲಿ ಮುಗಿಯುತ್ತದೆ. ಸದ್ದು ಶುರುವಾಯಿತೆಂದರೆ ಲೋಹವೇ ಸವೆದಿದೆ, ಸಾವಿರಗಳ ಮಾತು. ಆದ್ದರಿಂದ ನೋಡುವುದನ್ನು ಕಲಿಯಬೇಕು. ಸ್ಟೇರಿಂಗನ್ನು ಒಂದು ಕಡೆ ಪೂರ್ತಿ ತಿರುಗಿಸಿ, ಇಂಜಿನ್ ಆರಿಸಿ, ಇಳಿದು ಚಕ್ರದ ಹಿಂದೆ ಮೊಬೈಲ್ ಟಾರ್ಚ್ ಬಿಡಿ. ಬೂಟಿನ ಮಡಿಕೆಗಳು ಒಣಗಿ ಧೂಳು ಹಿಡಿದಿದ್ದರೆ ಕ್ಷೇಮ. ಅದರ ಸುತ್ತ, ರಿಮ್ಮಿನ ಒಳಮೈ ಮೇಲೆ ಕಪ್ಪು ಜಿಡ್ಡಿನ ಎರಚಲು ಕಂಡರೆ ಹರಿದಿದೆ. ಇನ್ನೊಂದು ಕಡೆಗೂ ಹಾಗೆಯೇ ನೋಡಿ. ಗಾಡಿಯ ಕೆಳಗೆ ತೂರಬೇಕಿಲ್ಲ, ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗಂತೂ ಎಂದೂ ತಲೆ ಹಾಕಬೇಡಿ.

ಬಲಕ್ಕೆ ತಿರುಗುವಾಗ ಗಾಡಿಯ ಭಾರ ಎಡಕ್ಕೆ ವಾಲುವುದರಿಂದ ಸಾಮಾನ್ಯವಾಗಿ ಎಡಗಡೆಯ ಜಾಯಿಂಟು ಕೂಗುತ್ತದೆ. ಎಡಕ್ಕೆ ತಿರುಗುವಾಗ ಬಲಗಡೆಯದು. ಇದು ಕಟ್ಟುನಿಟ್ಟಿನ ಸೂತ್ರವಲ್ಲ, ಒಂದು ಸುಳಿವು. ಕಣ್ಣಿಗೆ ಕಂಡ ಗ್ರೀಸೇ ನಿಜವಾದ ಸಾಕ್ಷಿ.

ಅದೇ ಶಾಫ್ಟಿನ ಒಳತುದಿಯಲ್ಲಿ, ಗೇರ್ ಬಾಕ್ಸಿನ ಪಕ್ಕ, ಇನ್ನೊಂದು ಜಾಯಿಂಟ್ ಇದೆ. ಅದರದ್ದು ಬೇರೆಯೇ ಭಾಷೆ. ಅದು ಸವೆದರೆ ಟಕ್ ಟಕ್ ಎನ್ನುವುದಿಲ್ಲ, ನಡುಗುತ್ತದೆ. ವೇಗ ಏರಿಸುವಾಗ ಸೀಟು, ನೆಲ ಅದುರುತ್ತವೆ. ಕಾಲು ತೆಗೆದ ಕೂಡಲೇ ಅದುರು ಮಾಯ. ಇದನ್ನು ಚಕ್ರದ ಬ್ಯಾಲೆನ್ಸಿಂಗ್ ದೋಷವೆಂದು ತಿಳಿದು ಮತ್ತೆ ಮತ್ತೆ ಅಲೈನ್‌ಮೆಂಟ್ ಅಂಗಡಿಗೆ ಹೋಗುವವರನ್ನು ನೋಡಿದ್ದೇನೆ. ಚಕ್ರದ ಬ್ಯಾಲೆನ್ಸಿಂಗ್ ತಪ್ಪಿದ್ದರೆ ಆ ವೇಗಕ್ಕೆ ಹೋದಾಗಲೆಲ್ಲ ಸ್ಟೇರಿಂಗ್ ನಡುಗುತ್ತದೆ, ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಒಂದೇ. ಒತ್ತಿದಾಗ ಮಾತ್ರ ಬರುವ ನಡುಕ, ಬಲ ಹೋಗುವ ದಾರಿಯದ್ದು. ಇಷ್ಟು ವ್ಯತ್ಯಾಸ ಹೇಳಿದರೆ ಮೇಸ್ತ್ರಿಯ ಅರ್ಧ ದಿನ ಉಳಿಯುತ್ತದೆ.

ಇನ್ನು ಕ್ಲಚ್ಚು. ನಮ್ಮಲ್ಲಿ ಕ್ಲಚ್ ಹಾಳಾಗುವುದು ಎರಡು ಕಡೆ: ಬೆಂಗಳೂರಿನ ಟ್ರಾಫಿಕ್ಕಿನಲ್ಲಿ, ಪಶ್ಚಿಮ ಘಟ್ಟದ ಏರಿನಲ್ಲಿ. ಎರಡಕ್ಕೂ ಕಾರಣ ಹಾಫ್ ಕ್ಲಚ್. ಏರಿನಲ್ಲಿ ಮುಂದಿನ ಬಸ್ಸು ನಿಂತಿತು. ಹ್ಯಾಂಡ್ ಬ್ರೇಕ್ ಹಾಕುವ ಬದಲು ಅರ್ಧ ಕ್ಲಚ್ಚಿನಲ್ಲಿ ಆಕ್ಸಿಲರೇಟರ್ ಕೊಡುತ್ತಾ ಗಾಡಿಯನ್ನು ಹಿಂದಕ್ಕೆ ಜಾರದಂತೆ ನಿಲ್ಲಿಸುತ್ತೇವೆ. ಆಗ ಒಂದು ಕಡೆ ಇಂಜಿನ್ನಿನ ಫ್ಲೈವೀಲ್ ತಿರುಗುತ್ತಿರುತ್ತದೆ, ಇನ್ನೊಂದು ಕಡೆ ಚಕ್ರಕ್ಕೆ ಸೇರಿದ ಪ್ಲೇಟು ನಿಂತಿರುತ್ತದೆ. ಎರಡರ ನಡುವಿನ ಉಜ್ಜಾಟವೆಲ್ಲ ಶಾಖವಾಗುತ್ತದೆ. ಒಂದು ಊಟದ ತಟ್ಟೆಗಿಂತ ಸಣ್ಣದಾದ ಆ ಪ್ಲೇಟಿನ ಮೈ ಸುಟ್ಟು ಗಾಜಿನಂತೆ ನುಣುಪಾಗುತ್ತದೆ. ನುಣುಪಾದದ್ದು ಇನ್ನು ಹಿಡಿಯುವುದಿಲ್ಲ. ಘಾಟಿಯಲ್ಲಿ ಮೂಗಿಗೆ ಬಡಿಯುವ ಆ ಸುಟ್ಟ ವಾಸನೆ ಎಷ್ಟೋ ಸಲ ಮುಂದಿನ ಲಾರಿಯ ಬ್ರೇಕಿನದ್ದಿರಬಹುದು. ಕಿಟಕಿ ಏರಿಸಿದ ಮೇಲೂ ಹೋಗದೆ, ನಿಮ್ಮ ಗಾಡಿ ನಿಂತಾಗ ಹೆಚ್ಚಾದರೆ ನಿಮ್ಮದೇ. ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ನೀರು ಸುರಿಯಬೇಡಿ.

ಕ್ಲಚ್ ಜಾರುತ್ತಿದೆಯೋ ಇಲ್ಲವೋ ಎಂಬುದನ್ನು ತಿಳಿಯುವುದು ಸುಲಭ. ಒಂದು ಗೇರಿನಲ್ಲಿದ್ದಾಗ ಇಂಜಿನ್ನಿನ ಸುತ್ತು ಮತ್ತು ಗಾಡಿಯ ವೇಗ ಜೋಡೆತ್ತುಗಳಂತೆ, ಒಂದು ಹೆಜ್ಜೆ ಹಾಕಿದರೆ ಇನ್ನೊಂದೂ ಹಾಕಲೇಬೇಕು. ಖಾಲಿ ರಸ್ತೆಯಲ್ಲಿ 4ನೇ ಗೇರಿನಲ್ಲಿ 40–50 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಪೂರ್ತಿ ಒತ್ತಿ. ಇಂಜಿನ್ ಸದ್ದು ಜಿಗಿದು, ಆರ್‌ಪಿಎಂ ಮುಳ್ಳು ಮೇಲೇರಿ, ಗಾಡಿ ಮಾತ್ರ ಅಲ್ಲೇ ಇದ್ದರೆ ಪ್ಲೇಟು ಜಾರುತ್ತಿದೆ. ಮೇಲಿನ ಗೇರೇ ಯಾಕೆಂದರೆ, ಅಲ್ಲಿ ಗಾಡಿ ತಟ್ಟನೆ ವೇಗ ಏರಿಸಲಾರದು, ಇಂಜಿನ್ನಿನ ಪೂರ್ತಿ ಬಲವನ್ನು ಪ್ಲೇಟು ಬಹಳ ಹೊತ್ತು ತಡೆದು ಹಿಡಿಯಬೇಕಾಗುತ್ತದೆ. ಸವೆದ ಪ್ಲೇಟಿಗೆ ಆ ತ್ರಾಣ ಇರುವುದಿಲ್ಲ. ಮೆಕ್ಯಾನಿಕ್ಕಿಗೆ “ಪಿಕಪ್ ಇಲ್ಲ” ಎಂದರೆ ಅವರು ಫಿಲ್ಟರು, ಪ್ಲಗ್ಗು ಎಂದು ಇಂಜಿನ್ನಿನ ಕಡೆ ಹೋಗಬಹುದು. “ಇಂಜಿನ್ ಏರುತ್ತೆ, ಗಾಡಿ ಏರಲ್ಲ” ಎಂದರೆ ನೇರ ಕ್ಲಚ್ಚಿಗೆ ಬರುತ್ತಾರೆ.

ಇದಕ್ಕೆ ವಿರುದ್ಧವಾದ ಕಾಯಿಲೆಯೂ ಉಂಟು, ಪೆಡಲ್ ಪೂರ್ತಿ ತುಳಿದರೂ ಪ್ಲೇಟು ಬಿಡದಿರುವುದು. ಆಗ ಗೇರ್ ಬೀಳುವುದಿಲ್ಲ, ರಿವರ್ಸ್ ಹಾಕುವಾಗ ಕರ್ರ್ ಎನ್ನುತ್ತದೆ. ಆದರೆ ಅವಸರಪಡಬೇಡಿ. ಬಹಳಷ್ಟು ಸಣ್ಣ ಕಾರುಗಳಲ್ಲಿ ರಿವರ್ಸ್ ಗೇರಿಗೆ ವೇಗ ಹೊಂದಿಸುವ ಸಿಂಕ್ರೊ ರಿಂಗ್ ಇರುವುದೇ ಇಲ್ಲ. ಕ್ಲಚ್ ತುಳಿದು ಎರಡು ಮೂರು ಸೆಕೆಂಡ್ ಕಾದು ಹಾಕಿದರೆ ಮೆತ್ತಗೆ ಬೀಳಬೇಕು. ಕಾದ ಮೇಲೂ ಕರ್ರ್ ಎಂದರೆ ಮಾತ್ರ ದೋಷ. ಮುಂದಿನ ಗೇರುಗಳಲ್ಲಿ, ಅದರಲ್ಲೂ 2ನೇ ಗೇರಿಗೆ ಇಳಿಸುವಾಗ ಮಾತ್ರ ಕರ್ರ್ ಎಂದರೆ ಆ ಗೇರಿನ ಸಿಂಕ್ರೊ ರಿಂಗ್ ಸವೆದಿದೆ.

ನಿಂತ ಗಾಡಿಯಲ್ಲಿ, ನ್ಯೂಟ್ರಲ್ಲಿನಲ್ಲಿ, ಕಿಟಕಿ ಇಳಿಸಿ ಮಾಡಬಹುದಾದ ಒಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಕ್ಲಚ್ ಪೆಡಲನ್ನು ನಿಧಾನವಾಗಿ ಒತ್ತಿ, ಬಿಡಿ, ಮತ್ತೆ ಒತ್ತಿ. ಒತ್ತಿದಾಗ ಕಿರ್ರ್ ಎಂದು ಶುರುವಾಗಿ ಬಿಟ್ಟಾಗ ನಿಂತರೆ ಕ್ಲಚ್ಚಿನ ರಿಲೀಸ್ ಬೇರಿಂಗ್. ಬಿಟ್ಟಾಗ ಗೊರಗೊರ ಇದ್ದು ಒತ್ತಿದಾಗ ನಿಂತರೆ ಗೇರ್ ಬಾಕ್ಸಿನ ಒಳಗಿನ ಬೇರಿಂಗ್. ಕ್ಲಚ್ ಒತ್ತಿದಾಗ ಇಂಜಿನ್ನಿಗೂ ಬಾಕ್ಸಿಗೂ ಸಂಬಂಧ ಕಡಿದು ಒಳಗಿನ ಶಾಫ್ಟು ನಿಂತುಬಿಡುತ್ತದೆ, ಅದರ ಬೇರಿಂಗೂ ಸುಮ್ಮನಾಗುತ್ತದೆ. ಒಂದು ಪೆಡಲು, ಎರಡು ಸದ್ದು, ಎರಡು ಬೇರೆ ಬೇರೆ ಬಿಲ್ಲು. ನನ್ನ ಗಾಡಿಯಲ್ಲಿ ಆ ದಿನ ಈ ಪರೀಕ್ಷೆ ಮಾಡಿದ್ದರೆ ಬಾಕ್ಸಿನಿಂದ ಯಾವ ಸದ್ದೂ ಬರುತ್ತಿಲ್ಲ ಎಂಬುದು ನನಗೇ ತಿಳಿಯುತ್ತಿತ್ತು.

ಕ್ಲಚ್ ಬದಲಿಸಲು ಬಾಕ್ಸ್ ಇಳಿಸಲೇಬೇಕು, ಕೂಲಿಯ ಬಹುಪಾಲು ಅದಕ್ಕೇ ಹೋಗುತ್ತದೆ. ಹಾಗಾಗಿ ಇಳಿಸಿದಾಗ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಇಂಜಿನ್ನಿನ ಹಿಂದಿನ ಆಯಿಲ್ ಸೀಲಿನಲ್ಲಿ ಜಿನುಗಿದೆಯೇ ಎಂದು ನೋಡಲು ಹೇಳಿ. ಸೀಲ್ ಸೋರುತ್ತಿದ್ದು ಅದನ್ನು ಹಾಗೇ ಬಿಟ್ಟರೆ ಹೊಸ ಪ್ಲೇಟೂ ಎಣ್ಣೆಯಲ್ಲಿ ನೆಂದು ಹಾಳಾಗುತ್ತದೆ, ಮತ್ತೆ ಬಾಕ್ಸ್ ಇಳಿಸಬೇಕು.

ಗೇರ್ ಬಾಕ್ಸಿನ ಬಗ್ಗೆ ಹೇಳುವುದಾದರೆ, ಅದು ಗಟ್ಟಿ ಜೀವ. ಅದನ್ನು ಕೊಲ್ಲುವುದು ಹೆಚ್ಚಾಗಿ ಎಣ್ಣೆಯ ಕೊರತೆ. ಇಂಜಿನ್ ಆಯಿಲ್ ಬದಲಿಸುವವರು ಗೇರ್ ಆಯಿಲನ್ನು ಮರೆಯುತ್ತಾರೆ. ಎರಡು ಲೀಟರಿನ ಆಸುಪಾಸು ಇರುವ ಆ ಎಣ್ಣೆ ಸೀಲಿನಿಂದ ಹನಿಹನಿಯಾಗಿ ಇಳಿದುಹೋದರೂ ಡ್ಯಾಷ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಯಾವ ದೀಪವೂ ಹತ್ತುವುದಿಲ್ಲ. ಅದಕ್ಕೇ ಬೆಳಿಗ್ಗೆ ಗಾಡಿ ತೆಗೆದ ಮೇಲೆ ನಿಂತಿದ್ದ ಜಾಗವನ್ನೊಮ್ಮೆ ನೋಡುವ ಅಭ್ಯಾಸ ಒಳ್ಳೆಯದು. ಹಳೆಯ ರಟ್ಟಿನ ತುಂಡೊಂದನ್ನು ರಾತ್ರಿ ಕೆಳಗೆ ಹಾಸಿಟ್ಟರೆ ಇನ್ನೂ ಸ್ಪಷ್ಟ. ಎಸಿಯ ನೀರು ಬಣ್ಣವಿಲ್ಲದ್ದು, ಚಿಂತೆಯಿಲ್ಲ. ಹಸಿರೋ ಗುಲಾಬಿಯೋ ಆಗಿದ್ದರೆ ಕೂಲೆಂಟ್. ಇಂಜಿನ್ ಆಯಿಲ್ ಕಪ್ಪಾಗಿ ತೆಳ್ಳಗಿರುತ್ತದೆ. ಗೇರ್ ಆಯಿಲ್ ಮಂದ, ಅದರಲ್ಲಿ ಬೆರೆಸುವ ಗಂಧಕದಿಂದಾಗಿ ಕೊಳೆತ ಮೊಟ್ಟೆಯಂಥ ಘಾಟು. ಒಮ್ಮೆ ಮೂಸಿದವರು ಮರೆಯುವುದಿಲ್ಲ.

ಎಣ್ಣೆ ಇಳಿಸುವಾಗ ಪಕ್ಕದಲ್ಲೇ ನಿಂತು ಡ್ರೈನ್ ಪ್ಲಗ್ಗನ್ನು ಕೇಳಿ ಪಡೆದು ನೋಡಿ. ಹಲವು ಗಾಡಿಗಳಲ್ಲಿ ಅದರ ತುದಿಗೆ ಅಯಸ್ಕಾಂತ ಇರುತ್ತದೆ. ಅದಕ್ಕೆ ಅಂಟಿದ್ದು ಕಾಡಿಗೆಯಂತೆ ನುಣ್ಣಗಿನ ಬೂದು ಲೇಪವಾಗಿದ್ದರೆ ಸಹಜ ಸವೆತ. ಸೂಜಿಮೊನೆಯಂಥ ಚೂರುಗಳಿದ್ದರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಎಣ್ಣೆಯಲ್ಲಿ ಚಿನ್ನದ ಪುಡಿ ತೇಲಿದಂತೆ ಹೊಳೆದರೆ ಅದು ಹಿತ್ತಾಳೆ, ಸಿಂಕ್ರೊ ರಿಂಗಿನದ್ದು. ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ. ಬಾಕ್ಸಿನ ಮೇಲೆ ಉಸಿರಾಡಲು ಒಂದು ಸಣ್ಣ ರಂಧ್ರವಿರುತ್ತದೆ. ಬಿಸಿಯಾದ ಬಾಕ್ಸು ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ನೀರು ನುಗ್ಗಿದಾಗ ಕಾರಿನವರೆಲ್ಲ ಇಂಜಿನ್ನಿಗೆ ನೀರು ಹೋಯಿತೇ ಎಂದು ಕೇಳುತ್ತಿದ್ದರು. ಇಂಜಿನ್ ಉಳಿದ ಗಾಡಿಯಲ್ಲೂ ಗೇರ್ ಆಯಿಲ್ ನೋಡಿಸಬೇಕು. ನೀರು ಬೆರೆತ ಎಣ್ಣೆಯಲ್ಲಿ ಓಡಿಸಿದ ಬಾಕ್ಸು ತಿಂಗಳುಗಳ ನಂತರ ಗೋಳಾಡುತ್ತದೆ, ಆಗ ಯಾರಿಗೂ ಆ ಮಳೆಯ ನೆನಪಿರುವುದಿಲ್ಲ.

ಎತ್ತರದ ರೋಡ್ ಹಂಪ್ ಉಜ್ಜಿದರೂ ಅಷ್ಟೇ. ಬಾಕ್ಸಿನ ಕವಚ ಅಲ್ಯೂಮಿನಿಯಂ. ಧಡ್ ಎಂದು ತಾಗಿದ ಮೇಲೆ ಹತ್ತು ನಿಮಿಷ ನಿಂತು ಕೆಳಗೆ ಹನಿ ಬೀಳುತ್ತಿದೆಯೇ ನೋಡಿ ಮುಂದೆ ಹೋಗಿ. ಧಾರೆಯಾಗಿ ಸುರಿಯುತ್ತಿದ್ದರೆ ಹೋಗಲೇಬೇಡಿ.

ಆಟೊಮ್ಯಾಟಿಕ್ ಗಾಡಿ ಇಟ್ಟವರು ಇದೆಲ್ಲ ನಮಗಲ್ಲ ಎಂದುಕೊಳ್ಳಬಾರದು. 2014ರಲ್ಲಿ ಸೆಲೆರಿಯೊ ಮೂಲಕ ನಮ್ಮಲ್ಲಿ ಜನಪ್ರಿಯವಾದ ಎಎಂಟಿ ಎಂದರೆ ಅದೇ ಹಳೆಯ ಕ್ಲಚ್ಚು, ಅದೇ ಗೇರ್ ಬಾಕ್ಸು. ಒತ್ತುವುದು ಕಾಲಿನ ಬದಲು ಒಂದು ಯಂತ್ರ, ಅಷ್ಟೇ. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಿಂದಲೇ ನಿಲ್ಲಿಸಿದರೆ ಅದರ ಪ್ಲೇಟೂ ಸುಡುತ್ತದೆ. ಎಣ್ಣೆಯ ಒತ್ತಡದಿಂದ ನಡೆಯುವ ಆಟೊಮ್ಯಾಟಿಕ್ಕಿನಲ್ಲಿ ಗೇರಿಗೆ ಹಾಕಿದ ಮೇಲೆ ಗಾಡಿ ಚಲಿಸಲು ಒಂದೆರಡು ಸೆಕೆಂಡ್ ತಡೆದರೆ ಅದನ್ನು ಬರೆದಿಟ್ಟುಕೊಳ್ಳಿ, ಅದು ಮೊದಲ ಸೂಚನೆ. ಮತ್ತು ಇಂಥ ಗಾಡಿ ಕೆಟ್ಟು ನಿಂತರೆ ಎಳೆಯುವ ಚಕ್ರಗಳು ನೆಲದ ಮೇಲಿರುವಂತೆ ಹಗ್ಗ ಕಟ್ಟಿ ಎಳೆಸಬೇಡಿ, ಪೂರ್ತಿ ಮೇಲೆತ್ತಿ ಸಾಗಿಸುವ ಗಾಡಿಯನ್ನೇ ಕರೆಸಿ. ಇಂಜಿನ್ ನಿಂತಾಗ ಅದರ ಎಣ್ಣೆಯ ಪಂಪೂ ನಿಂತಿರುತ್ತದೆ, ಒಳಗೆ ಎಣ್ಣೆಯಿಲ್ಲದೆ ತಿರುಗಿದರೆ ಸುಟ್ಟುಹೋಗುತ್ತದೆ.

ಮಲೆನಾಡಿನ ಜೀಪು, ಬೊಲೆರೊಗಳದು ಇನ್ನೊಂದು ಲೋಕ. ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಗೆ ಕ್ರಾಸ್ ಇರುತ್ತದೆ. ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ. ಹೊರಡುವಾಗ ಕೆಳಗಿನಿಂದ ಧಡ್ ಎಂದರೆ, ಗೇರ್ ಬದಲಿಸಿದಾಗಲೂ ಧಡ್ ಎಂದರೆ ಕ್ರಾಸಿನ ಬೇರಿಂಗ್ ಸವೆದಿದೆ. ಹಿಂದಿನ ಡಿಫರೆನ್ಷಿಯಲ್ ಹೌಸಿಂಗಿನಿಂದ ಗುಂಯ್ ಎಂದು ರಾಗ ಎಳೆದರೆ, ಅದೂ ಆಕ್ಸಿಲರೇಟರ್ ಒತ್ತಿದಾಗ ಒಂದು ರಾಗ ಬಿಟ್ಟಾಗ ಇನ್ನೊಂದು ರಾಗವಾದರೆ, ಕ್ರೌನ್ ಪಿನಿಯನ್ನಿನ ಹಲ್ಲುಗಳ ಹೊಂದಾಣಿಕೆ ತಪ್ಪಿದೆ. ಸಣ್ಣ ಕಾರಿನಲ್ಲಿ ಹೊರಡುವಾಗ ಇಂಥದ್ದೇ ಧಡ್ ಬಂದರೆ ಮೊದಲು ಇಂಜಿನ್ ಮೌಂಟಿಂಗಿನ ರಬ್ಬರ್ ನೋಡಿಸಿ, ಅದು ಅಗ್ಗದ ಕೆಲಸ.

ನಮ್ಮ ಭಾಷೆಗೆ ಈ ಸದ್ದುಗಳನ್ನು ಹೇಳುವ ಶಕ್ತಿ ಧಾರಾಳವಾಗಿದೆ. ಟಕ್ ಟಕ್, ಕಟಕಟ, ಗೊರಗೊರ, ಕಿರ್ರ್, ಕರ್ರ್, ಗುಂಯ್, ಧಡ್. “ಏನೋ ಸೌಂಡ್ ಬರ್ತಿದೆ” ಎಂದು ಹೇಳಿ ಸುಮ್ಮನಾಗುವವರಿಗಿಂತ ಬಾಯಲ್ಲೇ ಸದ್ದು ಮಾಡಿ ತೋರಿಸುವ ಹಳ್ಳಿಯ ಡ್ರೈವರ್‌ಗಳ ಗಾಡಿ ಬೇಗ ರಿಪೇರಿಯಾಗುವುದನ್ನು ಗ್ಯಾರೇಜಿನಲ್ಲಿ ಕೂತು ನೋಡಿದ್ದೇನೆ. ಸದ್ದು ಗ್ಯಾರೇಜಿಗೆ ಹೋದಾಗ ಬರದೇ ಇರುವ ಗಾಡಿಗಳೂ ಇವೆ. ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟರೆ ಸಾಕು. ಸಾಧ್ಯವಾದರೆ ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಬಿಚ್ಚಿದ ಹಳೆಯ ಭಾಗ ತೋರಿಸಲು ಮೊದಲೇ ಹೇಳಿ. ಒಳ್ಳೆಯ ಕೆಲಸಗಾರರು ಅದಕ್ಕೆ ಬೇಸರಪಡುವುದಿಲ್ಲ, ಖುಷಿಯಿಂದ ತೋರಿಸುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನೀವೇ ಭಾಗ ಕೊಳ್ಳುವುದಾದರೂ ಹಳೆಯದು ಕೈಯಲ್ಲಿದ್ದರೆ ಹಲ್ಲಿನ ಲೆಕ್ಕ ತಪ್ಪುವುದಿಲ್ಲ.

ಟಕ್ ಟಕ್ ಎನ್ನುವ ಆಕ್ಸೆಲ್ಲನ್ನು ನಂಬಿ ದೂರದ ಪ್ರಯಾಣ ಹೋಗಬಾರದು ಎನ್ನುವುದಕ್ಕೆ ಒಂದು ಕಾರಣವಿದೆ. ಶಾಫ್ಟು ಒಂದು ಕಡೆ ಕಡಿದುಹೋದರೆ ಇನ್ನೊಂದು ಚಕ್ರವಾದರೂ ಎಳೆದೀತು ಎಂದು ನಾವು ಎಣಿಸುತ್ತೇವೆ. ಎಳೆಯುವುದಿಲ್ಲ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕಾದ್ದರಿಂದ ಎರಡೂ ಚಕ್ರಕ್ಕೆ ಬೇರೆ ಬೇರೆ ವೇಗ ಕೊಡಲೆಂದೇ ಡಿಫರೆನ್ಷಿಯಲ್ ಇರುವುದು. ಒಂದು ಕಡೆ ಹಿಡಿತವೇ ಇಲ್ಲದಾದಾಗ ಅದು ತಿರುಗುವಿಕೆಯನ್ನೆಲ್ಲ ಆ ಕಡಿದ ಕಡೆಗೇ ಸುರಿದುಬಿಡುತ್ತದೆ. ಇಂಜಿನ್ ಕೂಗುತ್ತದೆ, ಗೇರು ಬಿದ್ದಿದೆ, ಗಾಡಿ ಕದಲುವುದಿಲ್ಲ. ಅದಕ್ಕಿಂತ ಅಪಾಯದ್ದು ಇನ್ನೊಂದು. ಇಳಿಜಾರಿನಲ್ಲಿ ಗೇರಿಗೆ ಹಾಕಿ ನಿಲ್ಲಿಸಿ ಹೋದರೂ ಆ ಗಾಡಿ ನಿಲ್ಲುವುದಿಲ್ಲ, ಜಾರುತ್ತದೆ. ಹ್ಯಾಂಡ್ ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಡಲೇಬೇಕು.

ಮೊನ್ನೆ ಬೇಸಿಗೆಯಲ್ಲಿ ಅದೇ ಗಾಡಿಗೆ ಹೊಸದೊಂದು ಸದ್ದು ಬಂತು. ನಾನು ನಾಲ್ಕು ದಿನ ಏನೂ ಮಾಡದೆ ಗಮನಿಸಿದೆ. ಒಂದು ಚೀಟಿಯಲ್ಲಿ ಬರೆದೆ: “40 ದಾಟಿದ ಮೇಲೆ ಗುಂಯ್. ವೇಗ ಹೆಚ್ಚಾದಂತೆ ಹೆಚ್ಚು. ನ್ಯೂಟ್ರಲ್ ಮಾಡಿದರೂ ನಿಲ್ಲುವುದಿಲ್ಲ. ಕ್ಲಚ್ ತುಳಿದರೂ ಅಷ್ಟೇ. ರಸ್ತೆ ಬಲಕ್ಕೆ ಬಾಗಿದಾಗ ಜೋರು, ಎಡಕ್ಕೆ ಬಾಗಿದಾಗ ಮೆಲ್ಲಗೆ.” ತೀರ್ಥಹಳ್ಳಿಯ ಮೇಸ್ತ್ರಿಯವರಿಗೆ ಅದನ್ನು ಕೊಟ್ಟೆ. ಕನ್ನಡಕ ಏರಿಸಿ ಎರಡು ಸಲ ಓದಿದರು. ಇಂಜಿನ್ ಸ್ಟಾರ್ಟ್ ಮಾಡಿ ಎನ್ನಲಿಲ್ಲ. ನೇರವಾಗಿ ಮುಂದಿನ ಎಡ ಚಕ್ರದ ಹತ್ತಿರ ಹೋಗಿ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಗೇರು ನ್ಯೂಟ್ರಲ್ ಮಾಡಿಸಿದರು.

“ಬನ್ನಿ ಸಾರ್ ಇಲ್ಲಿ” ಎಂದು ನನ್ನ ಕೈ ಹಿಡಿದು ಸಸ್ಪೆನ್ಷನ್ನಿನ ಸ್ಪ್ರಿಂಗಿನ ಮೇಲೆ ಇಟ್ಟರು. ಇನ್ನೊಂದು ಕೈಯಲ್ಲಿ ಚಕ್ರವನ್ನು ಜೋರಾಗಿ ತಿರುಗಿಸಿದರು. ಕಿವಿಗೆ ಹೆಚ್ಚೇನೂ ಕೇಳಲಿಲ್ಲ. ಅಂಗೈಯಲ್ಲಿ ಮಾತ್ರ, ಬೀಸುವ ಕಲ್ಲಿನ ಗೂಟ ಹಿಡಿದಾಗ ಆಗುವಂತೆ, ಗೊರಗೊರ. ಬಲಗಡೆಯ ಚಕ್ರವನ್ನೂ ಹಾಗೇ ಎತ್ತಿ ತಿರುಗಿಸಿ ಕೈ ಇಡಲು ಹೇಳಿದರು. ಅಲ್ಲಿ ಏನೂ ಇರಲಿಲ್ಲ. ಚಕ್ರ ಗಾಳಿಯಲ್ಲಿ ತಿರುಗುತ್ತಿತ್ತು, ಸ್ಪ್ರಿಂಗ್ ತಣ್ಣಗಿತ್ತು.

“ಎಡಗಡೆ ಬೇರಿಂಗ್. ಸಂಜೆ ಬನ್ನಿ” ಎಂದರು. ಚೀಟಿಯನ್ನು ಅವರೇ ಜೇಬಿಗೆ ಹಾಕಿಕೊಂಡರು.